ಏಳಕ್ಕೆ ಹೋಗದ ಸಂಖ್ಯೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಳ್ಳೆಯ ಹೆಸರು, ಅಚ್ಚಿನಲ್ಲಿ ಚೆಂದ ಕಾಣುತ್ತದೆ. ಅದಕ್ಕೇ ಬರೆಯುವುದಿಲ್ಲ.

ಪುಣೆಯ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಯಾರಾದರೂ ನಾಲ್ಕು ಮಾತು ಬರೆಯಬೇಕಿತ್ತು. ಕಾರ್ಯದರ್ಶಿಗಳು ಮನೆಗೆ ಬಂದು ಚಹಾ ಕುಡಿದು, "ನೀವ ಬರೀರಿ ವೈನಿ, ನೀವ ಅವರಿಗೆ ಭಾಳ ಹತ್ತಿರದವರು" ಅಂದರು. ಹತ್ತಿರದವಳು ನಾನಲ್ಲ, ನಮ್ಮ ಮನೆಯವರು. ಆದರೆ ಇವರು ಬರೆಯಲು ಕೂತು, ಒಂದಿಷ್ಟು ಹಾಳೆ ಹರಿದು, ಕನ್ನಡಕ ಒರೆಸಿಕೊಳ್ಳುತ್ತ ಎದ್ದುಬಿಟ್ಟರು. ಹೀಗಾಗಿ ಕೆಲಸ ನನ್ನ ಪಾಲಿಗೆ ಬಂತು. ಬರಲಿ. ಹೊಟ್ಟೆಕಿಚ್ಚು ಪಡುವವರು ನೋಡುವಷ್ಟು ಗಮನವಿಟ್ಟು ಒಬ್ಬರನ್ನು ಬೇರೆ ಯಾರೂ ನೋಡುವುದಿಲ್ಲ. ಆ ಲೆಕ್ಕದಲ್ಲಿ ಈ ಊರಿನಲ್ಲಿ ನನಗಿಂತ ಚೆನ್ನಾಗಿ ಅವರನ್ನು ಬಲ್ಲವರಿಲ್ಲ.

ನಾವು ಅವರನ್ನು ಅಕ್ಕೋರು ಅನ್ನುತ್ತಿದ್ದೆವು. ನಮ್ಮ ವಿಜಯಪುರದ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಅವರು ಮೈಸೂರಿನವರು. ಚಿಕ್ಕ ವಯಸ್ಸಿನಲ್ಲೇ ಪುಣೆಗೆ ಬಂದು ಕ್ಯಾಂಪ್ ಬಡಾವಣೆಯ ಒಂದು ಶಾಲೆಯಲ್ಲಿ ಗಣಿತ ಕಲಿಸಿ, ಮದುವೆಯ ಗೊಡವೆಗೆ ಹೋಗದೆ, ನಿವೃತ್ತರಾಗಿ ಮಾರ್ಕೆಟ್ ಯಾರ್ಡ್ ಹಿಂದಿನ ನಮ್ಮ ಹೌಸಿಂಗ್ ಸೊಸೈಟಿಗೆ ಬಂದರು. ನಾವು ಮೂರನೆಯ ಮಹಡಿ, ಅವರು ಎರಡನೆಯದು. ಉದ್ದಕ್ಕೆ, ತೆಳ್ಳಗೆ ಇದ್ದರು. ಸೀರೆಗೂ ರವಿಕೆಗೂ ಒಂದು ದಿನವೂ ಹೊಂದಿಕೆ ಇರಲಿಲ್ಲ. ಪರ್ಸಿನಲ್ಲಿ ಯಾವಾಗಲೂ ಸೀಮೆಸುಣ್ಣದ ಒಂದು ತುಂಡು. ಯೋಚಿಸುವಾಗ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು, ಜಪ ಮಾಡುವವರ ಹಾಗೆ. ಹೆಬ್ಬೆರಳು ನಿಂತಿತೆಂದರೆ ಲೆಕ್ಕ ಮುಗಿಯಿತು ಎಂದರ್ಥ.

ಅಡುಗೆ ಬರುತ್ತಿರಲಿಲ್ಲ. ಇದನ್ನು ಖುಷಿಯಿಂದ ಬರೆಯುತ್ತೇನೆ. ಅವರ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಉಪ್ಪಿಟ್ಟಿನಲ್ಲಿ ಗಂಟು ಹುಡುಕಬೇಕಿರಲಿಲ್ಲ. ಬಾಲ್ಕನಿಯಲ್ಲಿ ಇಟ್ಟ ತುಳಸಿ ಒಣಗುತ್ತಿತ್ತು, ಹೊಸದು ತಂದರೆ ಅದೂ ಒಣಗುತ್ತಿತ್ತು. ಆದರೆ ಕೆಳಗಿನ ಮನೆಯ ಕುಲಕರ್ಣಿಯವರ ಹುಡುಗ ಹೊಸ ಸ್ಕೂಟರ್ ತಂದ ದಿನ ನಂಬರ್ ಪ್ಲೇಟ್ ನೋಡಿ, "ನಾಲ್ಕು ಸಾವಿರದ ತೊಂಬತ್ತಾರು! ಒಂದರಿಂದ ಶುರುಮಾಡಿ ದುಪ್ಪಟ್ಟು, ದುಪ್ಪಟ್ಟು ಮಾಡ್ಕೊಂಡು ಹೋಗಿ, ಹನ್ನೆರಡನೇ ಸಲಕ್ಕೆ ನಿಮ್ಮ ಗಾಡಿ ಸಿಗುತ್ತೆ" ಅಂದರು. ಆ ಹುಡುಗ ನಾನು ಗಾಡಿಗೆ ಆರತಿ ಮಾಡಿದ್ದನ್ನು ಮರೆತ. ಅಕ್ಕೋರ ಮಾತನ್ನು ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾನೆ.

ಇಷ್ಟಕ್ಕೆಲ್ಲ ನನಗೆ ಉರಿಯಬೇಕಾಗಿರಲಿಲ್ಲ. ಉರಿ ಹತ್ತಿದ್ದು ನಮ್ಮ ಮನೆಯಲ್ಲೇ, ನಾನೇ ಕರೆದ ಅರಿಷಿಣ-ಕುಂಕುಮದಲ್ಲಿ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯಲ್ಲಿ ಮನೆಮನೆಯಲ್ಲೂ ಅದೇ ಸಂಭ್ರಮ. ಹೆಂಗಸರು ಸೇರಿದ ಮೇಲೆ ಗಂಡನ ಹೆಸರು ಹೇಳಿಸುವ ಆಟ ಇರಲೇಬೇಕು. ಪ್ರಾಸ ಕಟ್ಟಿ, ಅದರ ನಡುವೆ ಹೆಸರು ಪೋಣಿಸಿ ಹೇಳಬೇಕು. ನಾವು ಅದನ್ನು ಒಡಪು ಅನ್ನುತ್ತೇವೆ, ಮರಾಠಿಯವರು ಉಖಾಣಾ ಅನ್ನುತ್ತಾರೆ. ನಮ್ಮ ಮನೆಯವರು ಆಗ ಮಾರ್ಕೆಟ್ ಯಾರ್ಡಿನ ಈರುಳ್ಳಿ ದಲ್ಲಾಳಿಗಳ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸದಿಂದ ಬಿಡುಗಡೆಯಾಗಿ ಮನೆಯಲ್ಲಿದ್ದರು. ಅದಕ್ಕೆ ತಕ್ಕಂತೆ ನಾನು ಹೊಸದೊಂದು ಕಟ್ಟಿದ್ದೆ. ಎಲ್ಲರೂ ಒತ್ತಾಯ ಮಾಡಿದ ಮೇಲೆ, ಬೇಡ ಬೇಡ ಎಂದು ಒಂದಿಷ್ಟು ನಾಚಿ, ಹೇಳಿದೆ:

"ಮಾರ್ಕೆಟ್ ಯಾರ್ಡಿನಾಗ ಉಳ್ಳಾಗಡ್ಡಿ ರಾಶಿ, ಕಣ್ಣಾಗ ನೀರ ಬಂದ್ರೂ ವಸಂತರಾಯರ ನನಗ ಖುಷಿ."

ಮರಾಠಿಯವರಿಗೂ ಅರ್ಥ ಹೇಳಿದೆ. ಮನೆ ಹಾರಿಹೋಗುವಷ್ಟು ನಕ್ಕರು. ಒಳಗಿನ ಕೋಣೆಯಲ್ಲಿ ವಸಂತರಾಯರು ಪೇಪರ್ ಓದುತ್ತ ಕೂತಿದ್ದರು. ಅಲ್ಲಿಂದ ಪುಟ ತಿರುವಿದ ಸದ್ದು ಮಾತ್ರ ಬಂತು.

ಅಷ್ಟರಲ್ಲಿ ಯಾರೋ ಅಕ್ಕೋರ ಕಡೆ ತಿರುಗಿ, ನೀವೂ ಒಂದು ಒಡಪು ಹೇಳಿ ಎಂದು ಮರಾಠಿಯಲ್ಲಿ, "ಬಾಯಿ, ತುಮ್ಹೀ ಪಣ ಉಖಾಣಾ ಘ್ಯಾ!" ಅಂದುಬಿಟ್ಟರು. ಗಂಡನಿಲ್ಲದವರಿಗೆ ಹೀಗೆನ್ನಬಾರದಿತ್ತು. ಅಕ್ಕೋರು ಮಾತ್ರ ಕುಂಕುಮ ಸರಿಮಾಡಿಕೊಂಡು, "ಗಂಡ ಇಲ್ಲ. ಮೆಚ್ಚಿದವನೊಬ್ಬ ಇದ್ದಾನೆ. ಅವನ ಹೆಸರು ಹೇಳಬಹುದಾ?" ಅಂದರು. ಹೆಂಗಸರೆಲ್ಲ ಮುಂದೆ ಸರಿದರು. ಅವರು ನೆಟ್ಟಗೆ ಕೂತು, ನಾವು ಗಂಡನ ಹೆಸರು ಹೇಳುವ ಅದೇ ರಾಗದಲ್ಲಿ ಹೇಳಿದರು: "ಮೂರು, ಎಂಟು, ಒಂದು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು."

ನಮಗೇನೂ ಹೊಳೆಯಲಿಲ್ಲ. ಅಕ್ಕೋರು ಸೀಮೆಸುಣ್ಣ ತೆಗೆದು ನಾನು ಒರೆಸಿದ ನೆಲದ ಮೇಲೆ ಬರೆಯತೊಡಗಿದರು. "ನೋಡಿ, ಮೊದಲು ಮೂರು ಒಬ್ಬನೇ ಕೂತಿದ್ದಾನೆ. ಪಕ್ಕಕ್ಕೆ ಎಂಟು ಬಂತು. ಮೂವತ್ತೆಂಟು. ಇಬ್ಬರಿಗೆ ಸಮ ಹಂಚಬಹುದು. ಆಮೇಲೆ ಒಂದು ಬಂತು. ಮುನ್ನೂರ ಎಂಬತ್ತೊಂದು, ಮೂವರಿಗೆ ಹಂಚಬಹುದು. ಆರು ಬಂದ ಮೇಲೆ ನಾಲ್ವರಿಗೆ. ಐದು ಬಂದ ಮೇಲೆ ಐವರಿಗೆ. ಎಷ್ಟು ಅಂಕಿ ಬಂದು ಕೂತಿವೆಯೋ ಅಷ್ಟು ಜನಕ್ಕೆ ಚೂರೂ ಉಳಿಯದ ಹಾಗೆ ಹಂಚಿಹೋಗುತ್ತೆ. ಕೊನೇ ಒಂಬತ್ತರ ತನಕ ಹೀಗೇ. ಒಂದರಿಂದ ಒಂಬತ್ತರವರೆಗಿನ ಅಂಕಿ ಎಲ್ಲ ಇವೆ, ಯಾವುದೂ ಎರಡು ಸಲ ಬಂದಿಲ್ಲ. ಹಾಗೆ ಜೋಡಿಸಿದ್ರಲ್ಲಿ ಇಂಥದ್ದು ಇದೊಂದೇ. ಇನ್ನೊಂದಿಲ್ಲ."

"ಅಯ್ಯ, ಮೂವತ್ತೆಂಟು ಕೋಟಿ ಆತಲ್ರಿ!" ಎಂದು ಯಾರೋ ಓದಿ ಹೇಳಿದರು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಹೆಂಗಸರ ಸಭೆಗೆ ಎಂದೂ ತಲೆಹಾಕದ ಮನುಷ್ಯ, ಕನ್ನಡಕ ಹಣೆಯ ಮೇಲೆ, ಪೇಪರ್ ಕೈಯಲ್ಲಿ, ಬನಿಯನ್ ಮೇಲೆಯೇ ಬಂದು ನಿಂತಿದ್ದರು. "ಇನ್ನೊಮ್ಮೆ ಹೇಳ್ರಿ ಅಕ್ಕೋರ," ಅಂದರು.

ನನ್ನ ಒಡಪಿಗೆ ಪೇಪರ್ ಕೆಳಗಿಳಿಸದವರು ಮೂರು-ಎಂಟು-ಒಂದಕ್ಕೆ ಎದ್ದು ಬಂದಿದ್ದರು. ಕುಂಕುಮದ ತಟ್ಟೆ ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ. ಯಾರ ಹಣೆಗೆ ಹಚ್ಚಿದ್ದೆ, ಯಾರಿಗೆ ಬಿಟ್ಟಿದ್ದೆ ಎನ್ನುವುದೇ ಮರೆತುಹೋಗಿತ್ತು.

ಮಾರನೆಯ ದಿನದಿಂದ ಸಂಜೆ ಪಾರ್ಕಿಂಗ್ ಪಕ್ಕದ ಬೆಂಚು ಇವರಿಬ್ಬರದಾಯಿತು. ಮನೆಯಲ್ಲಿ ಇವರ ಮಾತು ಮೂರೇ: "ಹೂಂ", "ಆತು", "ಉಪ್ಪು ಕಡಿಮಿ ಆಗೇದ". ಬೆಂಚಿನ ಮೇಲೆ ಕೂತರೆ ಕೈಯೆತ್ತಿ ಮಾತಾಡುವರು, ನಗುವರು. ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವ ನೆಪದಲ್ಲಿ ಒಣಗದ ಬಟ್ಟೆಯನ್ನೂ ತೆಗೆಯುತ್ತಿದ್ದೆ. ಅಕ್ಕೋರು ಇವರಿಗೆ ಉತ್ತರ ಹೇಳುತ್ತಿರಲಿಲ್ಲ. ಅಂಥ ಸಂಖ್ಯೆ ಅದೊಂದೇ ಯಾಕೆ, ನೀವೇ ಕಂಡುಹಿಡಿಯಿರಿ ಎಂದು ಬಿಟ್ಟಿದ್ದರು. ಇವರು ಏನೋ ಹೇಳುವರು. ಅಕ್ಕೋರ ಹೆಬ್ಬೆರಳು ಗೆಣ್ಣಿನ ಮೇಲೆ ಓಡಿ ನಿಲ್ಲುವುದು. "ತಪ್ಪು. ಮತ್ತೆ ಮಾಡಿ," ಅನ್ನುವರು, ಮೂರನೆಯ ಮಹಡಿಗೂ ಕೇಳುವಷ್ಟು ಖಡಕ್ಕಾಗಿ.

ಇವರು ಮೇಲೆ ಬರುವಾಗ ಮುಖ ಅರಳಿರುತ್ತಿತ್ತು. "ಇವತ್ತ ಅಕ್ಕೋರು ಎರಡ ಸರ್ತಿ ತಪ್ಪ ಅಂದ್ರು ನೋಡ!" ಎಂದು ಬಹುಮಾನ ಬಂದವರಂತೆ ಹೇಳುವರು. ಅಂಗಿಯ ಗುಂಡಿ ತಪ್ಪಿ ಹಾಕಿದ್ದೀರಿ ಎಂದು ನಾನು ಹೇಳಿದರೆ ರಾತ್ರಿಯ ಊಟದವರೆಗೆ ಮುಖ ಗಂಟು. ಒಂದು ದಿನ ಕೈಗೆ ಸಾಬೂನು ಹಚ್ಚಿಕೊಂಡವರು ಹಾಗೇ ಅಡುಗೆಮನೆಗೆ ಬಂದು, "ಐದನೇ ಜಾಗಾದಾಗ ಐದ ಇರಬೇಕು, ಬ್ಯಾರೆ ದಾರಿನ ಇಲ್ಲ! ಸೊನ್ನಿ ಇಲ್ಲಲ್ಲ ಅದರಾಗ!" ಅಂದರು. ಮದುವೆಯಾದಂದಿನಿಂದ ನನ್ನ ಅಡುಗೆಮನೆಗೆ ಅವರು ಇಷ್ಟು ಉತ್ಸಾಹದಿಂದ ಬಂದದ್ದು ಅದೇ ಮೊದಲು.

ಇನ್ನೊಂದು ಬಗೆಯ ಹೆಂಗಸಾಗಿದ್ದರೆ ಜಗಳ ತೆಗೆದು ಮುಗಿಸಬಹುದಿತ್ತು. ಅಕ್ಕೋರು ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ನಮ್ಮ ಕಡೆಯ ಮಾತನ್ನು ಕಲಿತು, ನನ್ನ ಗಂಡನನ್ನು ಅಣ್ಣನ ಜಾಗದಲ್ಲಿ ಕೂರಿಸಿ, ನನ್ನ ಬಾಯಿ ಕಟ್ಟಿಹಾಕಿದ್ದರು. ಸುಂದರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಲೋಕ ಅರ್ಥ ಮಾಡಿಕೊಳ್ಳುತ್ತದೆ. ಮೂವತ್ತೆಂಟು ಕೋಟಿ ಚಿಲ್ಲರೆಯ ಮೇಲೆ ಪಟ್ಟರೆ ಯಾರ ಮುಂದೆ ಹೇಳಿಕೊಳ್ಳಲಿ? ನನಗಂತೂ ನಿಜವಾಗಿಯೇ ಹೊಟ್ಟೆ ಉರಿಯುತ್ತಿತ್ತು. ಬಟ್ಟೆ ಮಡಚುವಾಗ ಉರಿಯುತ್ತಿತ್ತು, ದೇವರ ದೀಪ ಹಚ್ಚುವಾಗಲೂ ಉರಿಯುತ್ತಿತ್ತು.

ನಾನೇನು ದಡ್ಡಿಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು, ಅದರ ಮರುವರ್ಷ ಮದುವೆ ಬಂತು. ಒಂದು ಮಧ್ಯಾಹ್ನ ಇವರು ಮಲಗಿದಾಗ ಹಳೆಯ ಕ್ಯಾಲೆಂಡರಿನ ಹಾಳೆ ಹಿಂದುಮುಂದಾಗಿ ಹಾಕಿಕೊಂಡು ಕೂತೆ. ಇನ್ನೊಂದಿಲ್ಲ ಅಂದಿದ್ದಾರಲ್ಲ, ಆ ಇನ್ನೊಂದನ್ನು ಹುಡುಕಿ ಅವರ ಮುಂದಿಡಬೇಕು. ಅಷ್ಟೇ ನನ್ನ ಹಟ. ಹಲವು ಮಧ್ಯಾಹ್ನ ಏನೇನೋ ಜೋಡಿಸಿ ಕೆಟ್ಟೆ. ಒಂದು ದಿನ ಇದ್ದಕ್ಕಿದ್ದಂತೆ, ಸುಮ್ಮನೆ ಹಿಂದಿನಿಂದ ಎಣಿಸಿದರೆ ಹೇಗೆ ಅನ್ನಿಸಿತು. ಒಂಬತ್ತು, ಎಂಟು, ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು. ತೊಂಬತ್ತೆಂಟು ಎರಡಕ್ಕೆ ಭಾಗ ಹೋಯಿತು. ಮೂರಕ್ಕೆ ಅಂಕಿಗಳನ್ನು ಕೂಡಿಸಿ ನೋಡಿದೆ, ಹೋಯಿತು. ನಾಲ್ಕಕ್ಕೆ ಕೊನೆಯ ಎರಡು ಅಂಕಿ ನೋಡಿದರೆ ಸಾಕು, ಹೋಯಿತು. ಐದಕ್ಕೆ ಐದು ತಾನಾಗಿಯೇ ಬಂದು ಕೂತಿತ್ತು! ಆರಕ್ಕೆ ಹೋಯಿತು, ಎಂಟಕ್ಕೆ ಹೋಯಿತು, ಒಂಬತ್ತಕ್ಕೂ ಹೋಯಿತು.

ಏಳನ್ನು ನೋಡಲಿಲ್ಲ. ಉಳಿದವಕ್ಕೆಲ್ಲ ಶಾಲೆಯಲ್ಲಿ ಸುಲಭದ ಉಪಾಯ ಕಲಿಸಿದ್ದರು, ಏಳಕ್ಕೆ ಕಲಿಸಿರಲಿಲ್ಲ. ಆರಕ್ಕೆ ಹೋಗಿದೆ, ಎಂಟಕ್ಕೆ ಹೋಗಿದೆ, ನಡುವಿನ ಏಳು ಎಲ್ಲಿಗೆ ಹೋದೀತು ಅಂದುಕೊಂಡೆ. ಸೊಸೈಟಿಯಲ್ಲಿ ಆಚೆಯವರೂ ಈಚೆಯವರೂ ಒಪ್ಪಿದ ಮೇಲೆ ನಡುವಿನ ಮನೆಯವರು ಬೇಡ ಅನ್ನುವುದನ್ನು ನಾನು ಕಂಡಿರಲಿಲ್ಲ.

ಅವತ್ತು ಸಂಜೆ ಒಳ್ಳೆಯ ಸೀರೆ ಉಟ್ಟು ನಾನೇ ಬೆಂಚಿಗೆ ಹೋದೆ. "ನಿಮ್ಮದೊಂದ ಅಲ್ರಿ ಅಕ್ಕೋರ, ನಂದೂ ಒಂದ ಅದ," ಎಂದು ಒಂಬತ್ತರಿಂದ ಒಂದರವರೆಗೆ ಹೇಳಿ ನಿಲ್ಲಿಸಿದೆ. ಇವರು ಬಾಯಿತೆರೆದು ನನ್ನನ್ನೇ ನೋಡಿದರು. ಅಕ್ಕೋರ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು, ಒಂದು ಕಡೆ ನಿಂತಿತು. ಅವರು ನನ್ನ ಮುಖ ನೋಡಿದರು, ಸೀರೆ ನೋಡಿದರು. ಆಮೇಲೆ ನಕ್ಕು, "ಚೆನ್ನಾಗಿದೆ ವೈನಿ. ತುಂಬಾ ಚೆನ್ನಾಗಿದೆ," ಅಂದರು.

ಅಕ್ಕೋರು ಚೆನ್ನಾಗಿದೆ ಅಂದ ಮೇಲೆ ಇವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಾರನೆಯ ದಿನ ಮಾರ್ಕೆಟ್ ಯಾರ್ಡಿನ ಹೂವಿನ ಬಜಾರಿನಿಂದ ಮಲ್ಲಿಗೆ ದಂಡೆ ಬಂತು. ಊಟಕ್ಕೆ ಕೂತಾಗ ಉಪ್ಪಿನ ಮಾತಿಲ್ಲ. "ಹೆಂಗ ಹೊಳೀತ ನಿನಗ?" ಎಂದು ಎಷ್ಟು ಸಲ ಕೇಳಿದರೋ. ಆ ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಇವರು ನಗುತ್ತ ಮೇಲೆ ಬಂದರು. "ನಿಂದು ಏಳಕ್ಕ ಹೋಗಂಗಿಲ್ಲ. ಇವತ್ತ ನಾನ ಕಾಗದದ ಮ್ಯಾಲೆ ಭಾಗಿಸಿ ನೋಡಿದೆ, ಐದು ಉಳೀತದ. ಅಕ್ಕೋರನ್ನ ಕೇಳಿದೆ. ಏಳು ಬಿಟ್ಟು ಉಳಿದದ್ದಕ್ಕೆಲ್ಲ ಹೋಗೂವಂಥವು ಹತ್ತ ಅವಂತ. ಏಳು ಆ ಹತ್ತರಾಗ ಒಂಬತ್ತನ್ನ ಹೊರಗ ಹಾಕಿ, ಅವರದೊಂದನ್ನ ಒಳಗ ಬಿಡತದ. ನಿಂದು ಆ ಒಂಬತ್ತರಾಗಿಂದು. ಅಕ್ಕೋರಿಗೆ ಅವತ್ತ ಗೊತ್ತಾಗಿತ್ತಂತ."

"ಮತ್ತ ಯಾಕ ಹೇಳಲಿಲ್ಲಂತ?"

"ಪಾಪ, ವೈನಿ ಅಷ್ಟು ಖುಷಿಯಿಂದ ಬಂದಿದ್ರು, ಬೇಜಾರಾಗಬಾರದು ಅಂತ ಸುಮ್ಮನಾದೆ ಅಂದ್ರು."

ಪಾಪ! ತಪ್ಪಿದ್ದಕ್ಕೆ ನನಗೆ ಬೇಜಾರಾಗಲಿಲ್ಲ, ಆ ಮಾತಿಗೆ ಕಣ್ಣು ಕತ್ತಲೆ ಬಂತು. ನನ್ನ ಗಂಡನಿಗೆ 'ತಪ್ಪು, ಮತ್ತೆ ಮಾಡಿ'. ನನಗೆ 'ಪಾಪ'. ಇವರು ಮತ್ತೆ ಮಾಡಬಲ್ಲವರು. ನಾನು ಚೆನ್ನಾಗಿದೆ ಎಂದು ಹೇಳಿ ಕಳಿಸಬೇಕಾದವಳು, ಮಗು ಗೀಚಿದ ಚಿತ್ರ ನೋಡಿ ಹೇಳುವ ಹಾಗೆ. ಅವತ್ತಿನಿಂದ ನನ್ನ ಹೊಟ್ಟೆಕಿಚ್ಚು ದಿಕ್ಕು ಬದಲಿಸಿತು. ಅಕ್ಕೋರು ನನ್ನ ಗಂಡನನ್ನು ಬೆಂಚಿಗೆ ಕರೆದುಕೊಂಡರು ಎನ್ನುವ ಉರಿ ಅದರ ಮುಂದೆ ಏನೂ ಅಲ್ಲ. ನನ್ನ ಗಂಡನಿಗೆ ಸಿಗುತ್ತಿದ್ದ ಆ ಖಡಕ್ 'ತಪ್ಪು' ನನಗೆ ಸಿಗಲಿಲ್ಲವಲ್ಲ ಎನ್ನುವುದು ಸುಡತೊಡಗಿತು. ಈಗ ನಾನು ಅಸೂಯೆ ಪಡುತ್ತಿದ್ದುದು ನನ್ನ ಗಂಡನ ಮೇಲೆ.

ಬೆಂಚಿಗೆ ಹೋಗುವುದನ್ನು ಬಿಟ್ಟೆ. ಮೆಟ್ಟಿಲಲ್ಲಿ ಸಿಕ್ಕರೆ, "ಹೆಂಗಿದ್ದೀರಿ ಅಕ್ಕೋರ?" "ಚೆನ್ನಾಗಿದ್ದೀನಿ ವೈನಿ," ಅಷ್ಟೇ. ಹಬ್ಬದ ಹೋಳಿಗೆಯನ್ನು ಇವರ ಕೈಯಲ್ಲಿ ಕಳಿಸುತ್ತಿದ್ದೆ. ಆದರೆ ಕ್ಯಾಲೆಂಡರಿನ ಹಾಳೆ ಬಿಡಲಿಲ್ಲ. ಏಳರ ಭಾಗಾಕಾರವನ್ನು ಹೊಸದಾಗಿ ಕಲಿತೆ. ಒಂದು ದಿನ ತಂಗಿಗೆ ಫೋನ್ ಹಚ್ಚಲು ಹೋದವಳು ಮೊಬೈಲಿನ ಅಂಕಿಗಳನ್ನೇ ನೋಡುತ್ತ ಕೂತೆ. ಮೊದಲ ಸಾಲು ಮೇಲಿಂದ ಕೆಳಗೆ: ಒಂದು, ನಾಲ್ಕು, ಏಳು. ನಡುವಿನದೂ ಮೇಲಿಂದ ಕೆಳಗೆ: ಎರಡು, ಐದು, ಎಂಟು. ಕೊನೆಯದು ಕೆಳಗಿನಿಂದ ಮೇಲೆ: ಒಂಬತ್ತು, ಆರು, ಮೂರು. ಬರೆದು ನೋಡಿದೆ. ಎಲ್ಲಕ್ಕೂ ಹೋಗುತ್ತದೆ! ಏಳಕ್ಕೆ ಮಾತ್ರ ಹೋಗುವುದಿಲ್ಲ. ಆರು ಉಳಿಯುತ್ತದೆ. ಇದೂ ಆ ಒಂಬತ್ತರಲ್ಲೊಂದು. ಯಾರಿಗೂ ಹೇಳದೆ ಇಟ್ಟುಕೊಂಡೆ.

ಹೋದ ಮಳೆಗಾಲದ ಕೊನೆಗೆ ಅಕ್ಕೋರು ಮಲಗಿದರು. ಶಿವಾಜಿನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಹಾಸಿಗೆ ಬಿಟ್ಟು ಏಳುವ ಜಡ್ಡಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಇವರು ದಿನಾ ಬಸ್ಸು ಹಿಡಿದು ಹೋಗಿ ಕೂತು ಬರುತ್ತಿದ್ದರು. ಬರುಬರುತ್ತ ಇವರ ಮುಖ ಬಾಡಿತು. ಒಂದು ದಿನ ತಟ್ಟೆಯ ಮುಂದೆ ಕೂತು ಹೇಳಿದರು: "ಈಗ ಏನ ಹೇಳಿದ್ರೂ 'ಚೆನ್ನಾಗಿದೆ ರಾಯರೇ' ಅಂತಾರ. ನಿನ್ನೆ ಒಂದ ಲೆಕ್ಕ ತಪ್ಪ ಹೇಳಿದ್ದೆ. ಮನಿಗೆ ಬರೂತನಕ ನನಗೂ ತಿಳೀಲಿಲ್ಲ. ಅದಕ್ಕೂ ಚೆನ್ನಾಗಿದೆ ಅಂದ್ರು." ಅನ್ನ ಕಲಸಿಟ್ಟು ಎದ್ದುಹೋದರು. ನನಗೆ ಇವರ ಮೇಲೆ ಕರುಣೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೊತೆಗೆ, ಈಗ ನಿಮಗೂ ಗೊತ್ತಾಯಿತೇ ಅಂತಲೂ ಅನ್ನಿಸಿತು.

ಇವರಿಗೆ ನೆಗಡಿ-ಜ್ವರ ಬಂದ ದಿನ ನಾನೊಬ್ಬಳೇ ಗಂಜಿಯ ಡಬ್ಬಿ ಹಿಡಿದು ಹೋದೆ. ಅಕ್ಕೋರು ಹಾಸಿಗೆಯಲ್ಲಿ ಇದ್ದಾರೋ ಇಲ್ಲವೋ ಅನ್ನುವಷ್ಟು ಇಳಿದಿದ್ದರು. ಗಂಜಿ ಎರಡು ಚಮಚ ಕುಡಿದು, "ಉಪ್ಪು ಸರಿಯಾಗಿದೆ," ಅಂದರು. ನಾನು ಡಬ್ಬಿ ಮುಚ್ಚಿಟ್ಟು, ಸೆರಗು ಸರಿಮಾಡಿಕೊಂಡು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. ಚೆನ್ನಾಗಿದೆ ಅಂದರೆ ಎದ್ದು ಬರುವುದು, ಮತ್ತೆ ಬರಬಾರದು ಎಂದು ನಿಶ್ಚಯಿಸಿಕೊಂಡೇ ಹೋಗಿದ್ದೆ.

"ಅಕ್ಕೋರ, ನನ್ನ ಕಡೆ ಇನ್ನೊಂದ ಅದರಿ," ಅಂದೆ. "ಒಂದು, ನಾಲ್ಕು, ಏಳು. ಎರಡು, ಐದು, ಎಂಟು. ಒಂಬತ್ತು, ಆರು, ಮೂರು."

ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ಹೊದಿಕೆಯ ಮೇಲಿದ್ದ ಬಲಗೈ ನೋಡಿದೆ. ಹೆಬ್ಬೆರಳು ಅಲುಗುತ್ತಿತ್ತು. ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟೋ ಹೊತ್ತು ಹಿಡಿಯುತ್ತಿತ್ತು. ನಡುವೆ ಜಾರುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ನರ್ಸ್ ಬಂದು ಏನೋ ಕೇಳಿದಳು, ನಾನು ಕೈಯಿಂದಲೇ ತಡೆದೆ. ಕೊನೆಗೆ ಹೆಬ್ಬೆರಳು ನಿಂತಿತು.

"ಏಳಕ್ಕೆ ಹೋಗಲ್ಲ ವೈನಿ," ಅಂದರು. ಧ್ವನಿ ಸಣ್ಣಗಿತ್ತು, ಖಡಕ್ ಮಾತ್ರ ಹಾಗೇ ಇತ್ತು. "ಆರು ಉಳಿಯುತ್ತೆ. ತಪ್ಪು."

ನಾನು ಕುರ್ಚಿಯಿಂದ ಏಳಲಿಲ್ಲ. ಇನ್ನೊಂದು ಮಾತು ಬಾಕಿಯಿತ್ತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

"ಮತ್ತೆ ಮಾಡಿ."

"ಮಾಡತೀನ್ರಿ ಅಕ್ಕೋರ," ಅಂದೆ. ಆಸ್ಪತ್ರೆಯಿಂದ ಶಿವಾಜಿನಗರದ ಬಸ್ ನಿಲ್ದಾಣದವರೆಗೆ ಆ ಗದ್ದಲದಲ್ಲಿ ಅಳುತ್ತ ಬಂದೆ. ದುಃಖದ ಅಳು ಎಂದು ಎದುರು ಬಂದವರು ದಾರಿ ಬಿಟ್ಟರು. ಅರ್ಧ ಮಾತ್ರ ಅದು ದುಃಖ.

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಬೆಂಚಿನ ಮೇಲೆ ಇವರು ಈಗ ಒಬ್ಬರೇ ಕೂರುತ್ತಾರೆ. ಇವರ ಜ್ವರ ಇಳಿಯುವಷ್ಟರಲ್ಲಿ ಅಕ್ಕೋರಿಗೆ ಎಚ್ಚರ ತಪ್ಪಿತ್ತು, ಕೊನೆಯದಾಗಿ ಮಾತಾಡಿದವಳು ನಾನೇ. ಇವರು ಆಗಾಗ ಕೇಳುತ್ತಾರೆ, ಸಣ್ಣ ಮಕ್ಕಳ ಹಾಗೆ, ತಟ್ಟೆಯಲ್ಲಿ ಬೆರಳಾಡಿಸುತ್ತ:

"ಆವತ್ತ ಅಕ್ಕೋರು ಏನಂದ್ರು?"

"ಗಂಜಿಗೆ ಉಪ್ಪು ಸರಿ ಅದ ಅಂದ್ರು," ಅನ್ನುತ್ತೇನೆ.

"ಲೆಕ್ಕದ ಮಾತ ಏನೂ ಆಡಲಿಲ್ಲ?"

"ಇಲ್ಲ."

ಈ ಸಂಚಿಕೆ ನಾಳೆ ಅಚ್ಚಾಗಿ ಮನೆಗೆ ಬರುತ್ತದೆ. ಇವರು ಕನ್ನಡಕ ಹಣೆಯಿಂದ ಇಳಿಸಿ, ನನ್ನ ಹೆಸರಿರುವ ಪುಟ ಹುಡುಕಿ, ಮೊದಲಿನಿಂದ ಓದುತ್ತಾರೆ. ಇಲ್ಲಿಗೆ ಬಂದು ನಿಲ್ಲುತ್ತಾರೆ. ನಿಲ್ಲಲಿ. ಅಕ್ಕೋರು ತಮ್ಮ ಕೊನೆಯ 'ತಪ್ಪು' ಯಾರಿಗೆ ಕೊಟ್ಟು ಹೋದರು ಎಂದು ಗೊತ್ತಾಗಲಿ. ಆಮೇಲೆ ಪೇಪರ್ ಹಿಡಿ, ಬಿಡು, ಏನೇ ಮಾಡಿದರೂ ಒಳಗೆ ಉರಿಯುವುದು ನಿಲ್ಲುವುದಿಲ್ಲವಲ್ಲ, ಅದು ಹೇಗಿರುತ್ತದೆ ಅನ್ನುವುದೂ ವಸಂತರಾಯರಿಗೆ ಒಂದಿಷ್ಟು ತಿಳಿಯಲಿ.